ಸೈಡ್ ಎಫೆಕ್ಟ್ ಪಟ್ಟಿಯ ಎರಡನೇ ಕಾಲಂ

ಹೋದ ಸೆಮಿಸ್ಟರ್, ಎರಡನೇ ಇಂಟರ್ನಲ್ಸ್‌ಗೆ ಒಂದು ವಾರ ಬಾಕಿ. ರಾತ್ರಿ ಹನ್ನೊಂದೂವರೆ ಇರಬೇಕು. ನನ್ನ ರೂಮ್‌ಮೇಟ್ ಮಾತ್ರೆ ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡು ಬಂದು ಮಂಚದ ಮೇಲೆ ಕೂತ. "ತಲಿ ನೋಯ್ತೈತಿ, ಬಾಯಿ ಒಣಗ್ತೈತಿ, ಕ್ಲಾಸಿನ್ಯಾಗ ನಿದ್ದಿ ಬರ್ತೈತಿ. ಇದರಿಂದನ ಆಗಾಕತ್ತೈತೇನು, ಸ್ವಲ್ಪ ನೋಡಲೇ ದೋಸ್ತ" ಅಂದ. ಅವನು ಗದಗ ಕಡೆಯವನು. ನಾನು ನಮ್ಮ ಫ್ಲೋರಿನ ಸರ್ಚ್ ಇಂಜಿನ್. ವೈಫೈ ಪಾಸ್‌ವರ್ಡಿನಿಂದ ಹಿಡಿದು ರೀವ್ಯಾಲ್ಯುಯೇಶನ್ ಫೀಸಿನ ತನಕ ಯಾರಿಗೆ ಏನು ಡೌಟ್ ಬಂದರೂ ನನ್ನ ಹತ್ರ ಬರ್ತಾರೆ. ನಾನೂ ಎಲ್ಲಾ ಗೊತ್ತಿರೋನ ಹಾಗೆ ಉತ್ತರ ಕೊಡ್ತೀನಿ.

(ಇದನ್ನೆಲ್ಲಾ ಅವನ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಊರಿನ ಹೆಸರು ಬದಲಿಸಿದ್ದೀನಿ, ಭಾಷೆ ಬದಲಿಸೋಕೆ ನನ್ನಿಂದ ಆಗಲಿಲ್ಲ.)

ಮಾತ್ರೆ ಹೆಸರು ಎಸಿಟಲೋಪ್ರಾಮ್, 10 ಮಿಲಿಗ್ರಾಂ. ಖಿನ್ನತೆಗೆ, ಆತಂಕಕ್ಕೆ ಕೊಡುವ ಔಷಧಿ. ಎಸ್‌ಎಸ್‌ಆರ್‌ಐ ಅನ್ನೋ ಗುಂಪಿಗೆ ಸೇರಿದ್ದು. ಅವನು ಅದನ್ನು ತಗೊಳ್ಳೋಕೆ ಶುರು ಮಾಡಿ ಎರಡು ತಿಂಗಳಾಗಿತ್ತು. ಆ ಎರಡು ತಿಂಗಳಲ್ಲಿ ಅವನು ಮತ್ತೆ ಮೆಸ್ಸಿಗೆ ಬರ್ತಿದ್ದ, ಬೆಳಿಗ್ಗೆ ಎಂಟರ ಕ್ಲಾಸಿಗೆ ಏಳ್ತಿದ್ದ, ರೂಮಿನ ಕಿಟಕಿ ತೆಗೀತಿದ್ದ. ಅದಕ್ಕೂ ಮುಂಚಿನ ಮೂರು ತಿಂಗಳು ಆ ಕಿಟಕಿ ತೆಗೆದಿದ್ದೇ ಇಲ್ಲ. ಇದೆಲ್ಲಾ ನನ್ನ ಕಣ್ಣೆದುರೇ ಆಗಿದ್ದು. ಆದರೂ ಆ ರಾತ್ರಿ ನಾನು ನೋಡಿದ್ದು ಮೊಬೈಲ್ ಸ್ಕ್ರೀನನ್ನು ಮಾತ್ರ. ಸೈಡ್ ಎಫೆಕ್ಟ್ ಪಟ್ಟಿ ತೆಗೆದು ಅಟೆಂಡೆನ್ಸ್ ಕೂಗೋ ಹಾಗೆ ಗಟ್ಟಿಯಾಗಿ ಓದಿದೆ. ತಲೆನೋವು, ಇದೆ. ಬಾಯಿ ಒಣಗೋದು, ಇದೆ. ತೂಕಡಿಕೆ, ಅದೂ ಇದೆ. ಮೂರಕ್ಕೆ ಮೂರೂ ಹಾಜರ್. "ನಿಲ್ಸ್‌ಬಿಡು ಮಗಾ" ಅಂದೆ.

ಅವನು ನಿಲ್ಲಿಸಿಬಿಟ್ಟ.

ಮೂರನೇ ದಿನ ಲ್ಯಾಬಿನಲ್ಲಿ ಕೂತಿದ್ದಾಗ ಮೆಲ್ಲಗೆ ಹೇಳಿದ: "ತಲಿಯಾಗ ಕರೆಂಟ್ ಹೊಡದಂಗ ಆಗಾಕತ್ತೈತಲೇ." ಕಣ್ಣು ಆ ಕಡೆ ಈ ಕಡೆ ತಿರುಗಿಸಿದರೆ ಸಾಕು, ಝಿಲ್ ಅಂತ ಒಂದು ಶಾಕ್. ತಲೆಸುತ್ತು, ಸುಮ್ಮಸುಮ್ಮನೆ ಸಿಟ್ಟು, ರಾತ್ರಿಯೆಲ್ಲಾ ವಿಚಿತ್ರ ಕನಸು. ನಾವಿಬ್ಬರೂ ಸೇರಿ ಏನು ತೀರ್ಮಾನ ಮಾಡಿದ್ವಿ ಗೊತ್ತಾ? "ನೋಡು, ಎಂಥಾ ಡೇಂಜರ್ ಮಾತ್ರೆ! ಬಿಟ್ಟ ಮೇಲೂ ಸೈಡ್ ಎಫೆಕ್ಟ್ ಹೋಗ್ತಿಲ್ಲ." ಐದನೇ ದಿನ ಅವನು ಮತ್ತೆ ಕಿಟಕಿ ಮುಚ್ಚಿದಾಗ ನನಗೆ ಭಯ ಆಯ್ತು. ಡಾಕ್ಟರಿಗೆ ಫೋನ್ ಮಾಡಿಸಿದೆ. ಅವರು ಬೈಯ್ಯಲಿಲ್ಲ. ಎರಡೇ ಪ್ರಶ್ನೆ ಕೇಳಿದರು. ಮಾತ್ರೆ ಯಾವತ್ತು ನಿಲ್ಲಿಸಿದಿರಿ? ಆ ತಲೆನೋವು ಮಾತ್ರೆ ಶುರು ಮಾಡೋಕೆ ಮುಂಚೆ ಎಷ್ಟಿತ್ತು?

ಎರಡನೇ ಪ್ರಶ್ನೆ ಕೇಳಿ ನಾವು ಮುಖ ಮುಖ ನೋಡ್ಕೊಂಡ್ವಿ. ಅವನಿಗೆ ತಲೆನೋವು ಮೂರನೇ ಸೆಮಿಸ್ಟರಿನಿಂದಲೂ ಇದೆ. ಕನ್ನಡಕದ ಪವರ್ ಬದಲಾಗಿದೆ, ಮಾಡಿಸ್ಕೊಳ್ಳೋಕೆ ಸೋಮಾರಿತನ. ಪಿಯುಸಿ ಲ್ಯಾಬಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ಮೊದಲ ದಿನವೇ ಝೀರೋ ಎರರ್ ನೋಡ್ಕೊಂಡು ರೀಡಿಂಗ್ ತಗೊಳ್ಳಿ ಅಂತ ಹೇಳಿಕೊಟ್ಟಿದ್ದರು. ಉಕ್ಕಿನ ಗುಂಡಿನ ವ್ಯಾಸ ಅಳೆಯೋಕೆ ನೆನಪಾಗೋ ಪಾಠ ಗೆಳೆಯನ ತಲೆನೋವಿನ ಲೆಕ್ಕ ಹಾಕೋವಾಗ ನೆನಪಾಗಲಿಲ್ಲ.

ಅಲ್ಲಿಂದಾಚೆ ನಾನು ಈ ಪಟ್ಟಿಗಳನ್ನು ಸರಿಯಾಗಿ ಓದೋಕೆ ಶುರು ಮಾಡಿದೆ. ನಾನು ಮೆಡಿಕಲ್ ಓದ್ತಿಲ್ಲ. ಯಾವ ಮಾತ್ರೆ ತಗೋಬೇಕು, ಯಾವುದು ಬಿಡಬೇಕು ಅನ್ನೋದನ್ನು ಹೇಳೋ ಕೆಲಸ ನಂದಲ್ಲ, ಅದನ್ನು ಒಂದು ಸಲ ಮಾಡಿ ಕೈ ಸುಟ್ಟುಕೊಂಡಿದ್ದೀನಿ. ಆದರೆ ಅಂಕಿ ಓದೋದು ನಮ್ಮ ಕೆಲಸ. ಅದರ ಬಗ್ಗೆ ಮಾತಾಡಬಹುದು.

ನಾನು ಮೊಬೈಲಲ್ಲಿ ಓದಿದ ಪಟ್ಟಿಯಲ್ಲಿ ಬರೀ ಹೆಸರುಗಳಿದ್ದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಎಸಿಟಲೋಪ್ರಾಮ್ ಲೇಬಲ್‌ನಲ್ಲಿ ಅದೇ ವಿಷಯ ಟೇಬಲ್ ರೂಪದಲ್ಲಿದೆ. ಅದರಲ್ಲಿ ಎರಡು ಕಾಲಂ. ಮೊದಲನೆಯದು ಖಿನ್ನತೆಯ ಪ್ರಯೋಗಗಳಲ್ಲಿ ನಿಜವಾದ ಔಷಧಿ ತಗೊಂಡ 715 ಜನರದ್ದು. ಎರಡನೆಯದು ಅದೇ ಥರ ಕಾಣೋ, ಆದರೆ ಒಳಗೆ ಔಷಧಿಯೇ ಇಲ್ಲದ ಗುಳಿಗೆ, ಅಂದ್ರೆ ಪ್ಲಾಸಿಬೋ ತಗೊಂಡ 592 ಜನರದ್ದು. ಯಾರಿಗೆ ಯಾವುದು ಸಿಕ್ಕಿದೆ ಅಂತ ಅವರಿಗೂ ಗೊತ್ತಿಲ್ಲ, ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲ. ವಾಕರಿಕೆ ಔಷಧಿಯವರಲ್ಲಿ 15%, ಪ್ಲಾಸಿಬೋದವರಲ್ಲಿ 7%. ನಿದ್ದೆ ಬಾರದೇ ಇರೋದು 9% ಮತ್ತು 4%. ತೂಕಡಿಕೆ 6% ಮತ್ತು 2%. ಬಾಯಿ ಒಣಗೋದು 6% ಮತ್ತು 5%. ತಲೆನೋವು ಆ ಟೇಬಲ್‌ನಲ್ಲೇ ಇಲ್ಲ, ಯಾಕಂದ್ರೆ ಖಿನ್ನತೆಯ ಪ್ರಯೋಗದಲ್ಲಿ ಪ್ಲಾಸಿಬೋದವರಿಗೂ ಅಷ್ಟೇ ಅಥವಾ ಇನ್ನೂ ಜಾಸ್ತಿಯೇ ತಲೆನೋವು ಬಂದಿತ್ತು.

ಇದರ ಅರ್ಥ ನೋಡಿ. ನೂರು ಜನ ಎಸಿಟಲೋಪ್ರಾಮ್ ತಗೊಂಡರೆ ಹದಿನೈದು ಜನಕ್ಕೆ ವಾಕರಿಕೆ ಬರುತ್ತೆ ಅನ್ನೋದು ನಿಜ. ಆದರೆ ಅದರಲ್ಲಿ ಸುಮಾರು ಏಳು ಜನಕ್ಕೆ ಔಷಧಿ ಇಲ್ಲದಿದ್ದರೂ ಬರ್ತಿತ್ತು. ಔಷಧಿ ಸೇರಿಸಿದ್ದು ಇನ್ನು ಎಂಟು. ಎಂಟು ಕಮ್ಮಿಯೇನಲ್ಲ, ಆ ವಾಕರಿಕೆ ನಿಜವಾದದ್ದೇ. ಬಾಯಿ ಒಣಗೋದ್ರಲ್ಲಿ ಔಷಧಿ ಸೇರಿಸಿದ್ದು ಒಂದೇ ಒಂದು. ಅಂದ್ರೆ ಆ ರಾತ್ರಿ ನಾನು ಅವನನ್ನು ಹೆದರಿಸಿದ ಮೂರರಲ್ಲಿ ಒಂದಕ್ಕೆ ವ್ಯತ್ಯಾಸವೇ ಇರಲಿಲ್ಲ, ಇನ್ನೊಂದಕ್ಕೆ ಇದ್ದೂ ಇಲ್ಲದಂತೆ ಇತ್ತು, ಮೂರನೆಯದಕ್ಕೆ ಮಾತ್ರ ಸ್ವಲ್ಪ ಇತ್ತು.

ಇಲ್ಲಿ ನನಗೆ ಬೇಕಾದ ಅಂಕಿಯನ್ನಷ್ಟೇ ಆರಿಸಿ ಕೊಟ್ಟು ಜಾರಿಕೊಂಡರೆ ತಪ್ಪಾಗುತ್ತೆ. ಅದೇ ಲೇಬಲ್‌ನಲ್ಲಿ ಆತಂಕದ ಕಾಯಿಲೆಯವರ ಮೇಲೆ ಮಾಡಿದ ಪ್ರಯೋಗದ ಟೇಬಲ್ ಬೇರೆ ಇದೆ. ಅಲ್ಲಿ ತಲೆನೋವು 24%, ಪ್ಲಾಸಿಬೋದವರಲ್ಲಿ 17%. ಹಾಗಾಗಿ "ಎಸಿಟಲೋಪ್ರಾಮಿನಿಂದ ತಲೆನೋವು ಬರಲ್ಲ" ಅಂತ ಹೇಳೋಕೂ ಬರಲ್ಲ. ಆದರೆ ಆ 17 ನೋಡಿ. ಔಷಧಿಯಿಲ್ಲದ ಗುಳಿಗೆ ತಗೊಂಡ ಆರು ಜನರಲ್ಲಿ ಒಬ್ಬರಿಗೆ ತಲೆನೋವು! ಬೇಸ್‌ಲೈನ್ ಅನ್ನೋದು ಸೊನ್ನೆಯಲ್ಲಿ ಕೂತಿರಲ್ಲ, ಜನರ ಗುಂಪು ಬದಲಾದರೆ ಅದೂ ಬದಲಾಗುತ್ತೆ.

ಏನೂ ಇಲ್ಲದ ಗುಳಿಗೆಯಿಂದ ಇದೆಲ್ಲಾ ಹೇಗೆ ಬರುತ್ತೆ? ಅರ್ಧ ಉತ್ತರ ಬಹಳ ಸಾದಾ. ಎಂಟು ವಾರ ಯಾರನ್ನೇ ಹಿಡಿದು ಕೇಳ್ತಾ ಹೋದರೂ ತಲೆನೋವು, ಹೊಟ್ಟೆ ಕೆಡೋದು, ನಿದ್ದೆಗೆಡೋದು ಸಿಗುತ್ತೆ. ನಮ್ಮ ಮೆಸ್ಸಿನ ಭಾನುವಾರದ ಪಲಾವ್ ತಿಂದವರನ್ನು ಸೋಮವಾರ ಕೇಳಿದರೆ ಯಾವ ಔಷಧಿಯ ಟೇಬಲ್ಲೂ ನಾಚಬೇಕು. ಜೊತೆಗೆ ಸುಸ್ತು, ನಿದ್ದೆ ಕೆಡೋದು, ಹಸಿವು ಹೋಗೋದು ಇವೆಲ್ಲಾ ಖಿನ್ನತೆಯ ಲಕ್ಷಣಗಳೇ. ಉಳಿದರ್ಧ ನಿರೀಕ್ಷೆ. 2009ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ನನಗೆ ತುಂಬಾ ಇಷ್ಟ ಆಯ್ತು. ಖಿನ್ನತೆ ಔಷಧಿಗಳ 143 ಪ್ರಯೋಗಗಳನ್ನು ತಗೊಂಡು ಅದರಲ್ಲಿ ಪ್ಲಾಸಿಬೋ ಗುಂಪನ್ನು ಮಾತ್ರ ನೋಡಿದರು. ಟ್ರೈಸೈಕ್ಲಿಕ್ ಅನ್ನೋ ಹಳೇ ಔಷಧಿಗಳು ಬಾಯಿ ಒಣಗಿಸೋದಕ್ಕೆ ಹೆಸರುವಾಸಿ. ಆ ಔಷಧಿಗಳ ಪ್ರಯೋಗದಲ್ಲಿ ಪ್ಲಾಸಿಬೋ ತಗೊಂಡವರಲ್ಲಿ 19.2% ಜನ ಬಾಯಿ ಒಣಗುತ್ತೆ ಅಂದರು. ಎಸ್‌ಎಸ್‌ಆರ್‌ಐ ಪ್ರಯೋಗಗಳಲ್ಲಿ ಪ್ಲಾಸಿಬೋ ತಗೊಂಡವರಲ್ಲಿ ಹಾಗೆ ಅಂದವರು 6.4%. ಎರಡೂ ಕಡೆ ನುಂಗಿದ್ದು ಔಷಧಿಯಿಲ್ಲದ ಗುಳಿಗೆಯೇ. ಏನಾಗಬಹುದು ಅಂತ ಮೊದಲೇ ಹೇಳಿದ್ದು, ಏನಾಯ್ತು ಅಂತ ಡಾಕ್ಟರ್ ಕೇಳಿದ್ದು ಮಾತ್ರ ಬೇರೆ ಬೇರೆ. ಇದನ್ನು ಓದಿದಾಗ ನಾನು ಅವತ್ತು ಪಟ್ಟಿಯನ್ನು ಗಟ್ಟಿಯಾಗಿ ಓದಿದ್ದು ನೆನಪಾಯ್ತು.

ತೂಕಡಿಕೆಯ ಕಥೆಯೂ ಹೇಳಿಬಿಡ್ತೀನಿ. ಆಮೇಲೆ ಅವನ ಹಳೇ ಸ್ಟ್ರಿಪ್‌ಗಳನ್ನು ಡ್ರಾಯರ್‌ನಿಂದ ತೆಗೆದು ನೋಡಿದ್ವಿ. ಮೊದಲ ಕೆಲವು ವಾರದ ಸ್ಟ್ರಿಪ್‌ನಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಹೆಸರಿದ್ದವು: ಎಸಿಟಲೋಪ್ರಾಮ್ ಮತ್ತು ಕ್ಲೋನಜೆಪಾಮ್. ಎರಡನೆಯದು ನಿದ್ದೆ ಬರಿಸೋ ಜಾತಿಯ ಔಷಧಿ. ಇವೆರಡನ್ನೂ ಸೇರಿಸಿ ಮಾಡಿದ ಒಂದೇ ಮಾತ್ರೆ ನಮ್ಮ ದೇಶದಲ್ಲಿ ಧಾರಾಳವಾಗಿ ಸಿಗುತ್ತೆ. ಅವನು ಕ್ಲಾಸಿನಲ್ಲಿ ತೂಕಡಿಸಿದ್ದು ಹೆಚ್ಚಾಗಿ ಆ ವಾರಗಳಲ್ಲೇ. ಎರಡು ವೇರಿಯಬಲ್ ಒಟ್ಟಿಗೆ ಬದಲಿಸಿ ಗ್ರಾಫ್ ಹಾಕಿದರೆ ನಮ್ಮ ಲ್ಯಾಬ್ ಮೇಡಂ ರೆಕಾರ್ಡ್ ಎಸೀತಾರೆ. ಇಲ್ಲಿ ನಾವು ಸ್ಟ್ರಿಪ್ ಹಿಂದೆ ಏನು ಬರೆದಿದೆ ಅಂತಲೂ ನೋಡಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಇದು "ಎಲ್ಲಾ ನಿನ್ನ ಮನಸ್ಸಿಂದ ಕಣೋ, ಸುಮ್ಮನೆ ನುಂಗು" ಅನ್ನೋ ಲೇಖನ ಆಗುತ್ತೆ. ಆ ಮಾತು ನನಗೆ ಪಟ್ಟಿಗಿಂತಲೂ ಕೆಟ್ಟದ್ದು ಅನ್ಸುತ್ತೆ. ಎರಡನೇ ಕಾಲಂ ತೋರಿಸಿ ಜನರ ಬಾಯಿ ಮುಚ್ಚಿಸೋರೂ ಇದ್ದಾರೆ. ಅವರಿಗೂ ಒಂದು ಪ್ರಶ್ನೆ ಇದೆ: ಮೊದಲನೇ ಕಾಲಂನ ಅಂಕಿ ಬಂದದ್ದು ಎಲ್ಲಿಂದ? ಯಾರು ಕೇಳಿದರು, ಏನಂತ ಕೇಳಿದರು?

ಸ್ಪೇನಿನಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಸ್‌ಎಸ್‌ಆರ್‌ಐ ತಗೊಳ್ತಿದ್ದ 344 ಜನರನ್ನು ನೋಡಿದರು. ಲೈಂಗಿಕ ತೊಂದರೆ ಇದೆ ಅಂತ ತಾವಾಗೇ ಹೇಳಿಕೊಂಡವರು 14%. ಡಾಕ್ಟರ್ ನೇರವಾಗಿ ಕೇಳಿದಾಗ ಹೌದು ಅಂದವರು 58%. ಔಷಧಿ ಅದೇ, ಜನ ಅವರೇ, ಬದಲಾಗಿದ್ದು ಪ್ರಶ್ನೆ. ಇದು ಸ್ಪೇನಿನ ಕಥೆ. ನಮ್ಮ ಹಾಸ್ಟೆಲಿನಲ್ಲಿ, ಡಾಕ್ಟರ್ ಎದುರು ಅಪ್ಪ ಅಥವಾ ಚಿಕ್ಕಪ್ಪ ಪಕ್ಕದ ಕುರ್ಚಿಯಲ್ಲಿ ಕೂತಿರೋವಾಗ, ಆ 14 ಎಷ್ಟಕ್ಕೆ ಇಳಿಯುತ್ತೆ ಅಂತ ನೀವೇ ಊಹಿಸ್ಕೊಳ್ಳಿ. ಎಷ್ಟೋ ಜನ ಇದೇ ಕಾರಣಕ್ಕೆ ಮಾತ್ರೆ ಬಿಟ್ಟು, ಕೇಳಿದರೆ "ತಲೆನೋವು ಬರ್ತಿತ್ತು" ಅಂತಾರೆ. ಸೆನ್ಸರ್ ಇಲ್ಲದ ಕಡೆ ರೀಡಿಂಗ್ ಸೊನ್ನೆ ಅಂತ ಬರೆದುಕೊಂಡರೆ ಅದು ಸೊನ್ನೆ ಆಗಲ್ಲ.

ನನ್ನ ಗೆಳೆಯನ ತಲೆಯ ಕರೆಂಟ್ ಶಾಕ್ ವಿಷಯ ಇನ್ನೂ ಸ್ವಾರಸ್ಯ. ಔಷಧಿ ಕೆಲಸ ಮಾಡುತ್ತಾ ಅಂತ ನೋಡೋ ಪ್ರಯೋಗಗಳು ಸಾಮಾನ್ಯವಾಗಿ ಆರೆಂಟು ವಾರದ್ದು. ತಗೊಳ್ಳುವಾಗ ಏನಾಗುತ್ತೆ ಅಂತ ಅಲ್ಲಿ ಎಣಿಸ್ತಾರೆ. ನಿಲ್ಲಿಸಿದಾಗ ಏನಾಗುತ್ತೆ ಅನ್ನೋದು ಆ ಟೇಬಲ್‌ಗೆ ಬರೋದೇ ಇಲ್ಲ. 2002ರ ಅಕ್ಟೋಬರ್‌ನಲ್ಲಿ ಬಿಬಿಸಿಯ 'ಪನೋರಮಾ' ಕಾರ್ಯಕ್ರಮ ಪ್ಯಾರೋಕ್ಸೆಟಿನ್ ಅನ್ನೋ ಇನ್ನೊಂದು ಎಸ್‌ಎಸ್‌ಆರ್‌ಐ ಬಗ್ಗೆ ಪ್ರಸಾರ ಆಯ್ತು. ಪ್ರಸಾರದ ನಂತರ ಸಾವಿರಾರು ಫೋನ್ ಕರೆಗಳು, 1,374 ಇಮೇಲ್‌ಗಳು. ಮಾತ್ರೆ ಬಿಡೋಕೆ ಹೋದಾಗ ತಲೆಯಲ್ಲಿ ವಿದ್ಯುತ್ ಶಾಕ್ ಹೊಡೆದ ಹಾಗೆ ಆಗುತ್ತೆ ಅಂತ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ಒಂದೇ ಥರದ ಮಾತಿನಲ್ಲಿ ಬರೆದಿದ್ದರು. ಆ ಇಮೇಲ್‌ಗಳನ್ನು ಒಂದೊಂದಾಗಿ ಓದಿ ವಿಶ್ಲೇಷಣೆ ಮಾಡಿದ ಸಂಶೋಧಕರು ರೋಗಿಗಳ ಮಾತನ್ನು ರೋಗಿಗಳಿಂದಲೇ ಪಡೀಬೇಕು ಅಂತ ವಾದಿಸಿದರು. ಅಲ್ಲಿತನಕ ಬ್ರಿಟನ್ನಿನ ಅಡ್ಡಪರಿಣಾಮ ವರದಿ ವ್ಯವಸ್ಥೆಯಲ್ಲಿ ಬರೆಯೋ ಹಕ್ಕು ಇದ್ದದ್ದು ವೈದ್ಯಕೀಯ ವೃತ್ತಿಯವರಿಗೆ. 2005ರಿಂದ ರೋಗಿಗಳೂ ನೇರವಾಗಿ ಬರೆಯೋ ಹಾಗಾಯ್ತು.

ಈ ಶಾಕನ್ನೂ ಆಮೇಲೆ ಎರಡು ಕಾಲಂನಲ್ಲಿಟ್ಟು ಎಣಿಸಿದರು. 2024ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಬಂದ ವಿಶ್ಲೇಷಣೆ ಪ್ರಕಾರ ಖಿನ್ನತೆ ಔಷಧಿ ನಿಲ್ಲಿಸಿದವರಲ್ಲಿ 31% ಜನಕ್ಕೆ ಏನಾದರೂ ಒಂದು ಲಕ್ಷಣ ಕಾಣಿಸಿತು. ಪ್ಲಾಸಿಬೋ ನಿಲ್ಲಿಸಿದವರಲ್ಲಿ 17%. ಕಳೆದರೆ ಸುಮಾರು ಆರೇಳು ಜನಕ್ಕೆ ಒಬ್ಬರು, ಔಷಧಿಯ ಲೆಕ್ಕಕ್ಕೇ ಸೇರಬೇಕಾದವರು. "ಎಲ್ಲರಿಗೂ ಆಗುತ್ತೆ" ಅಂತ ಹೆದರಿಸೋರೂ ತಪ್ಪು, "ಹಾಗೆಲ್ಲಾ ಆಗೋದೇ ಇಲ್ಲ" ಅಂತ ಗದರಿಸೋರೂ ತಪ್ಪು. ನನ್ನ ಗೆಳೆಯ ಆ ಆರೇಳರಲ್ಲಿ ಒಬ್ಬ. ಅವನಿಗೆ ಆಗಿದ್ದು ಮಾತ್ರೆ ತಗೊಂಡಿದ್ದಕ್ಕಲ್ಲ, ನನ್ನ ಮಾತು ಕೇಳಿ ಒಂದೇ ಏಟಿಗೆ ನಿಲ್ಲಿಸಿದ್ದಕ್ಕೆ. ಡಾಕ್ಟರ್ ಮತ್ತೆ ಶುರು ಮಾಡಿಸಿದರು, ಎರಡು ಮೂರು ದಿನದಲ್ಲಿ ಶಾಕ್ ಹೋಯ್ತು. ಬಿಡೋ ಕಾಲ ಬಂದಾಗ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸೋಣ ಅಂದಿದ್ದಾರೆ.

ಇನ್ನು ಮೊದಲ ಕಾಲಂ ಅನ್ನೇ ತಿರುಚಿದ ಉದಾಹರಣೆಯೂ ಇದೆ, ಅದು ಗೊತ್ತಿಲ್ಲದೆ ಟೇಬಲ್‌ಗಳನ್ನು ನಂಬೋದು ಮುಗ್ಧತನ. ಪ್ಯಾರೋಕ್ಸೆಟಿನನ್ನು ಹದಿಹರೆಯದವರ ಮೇಲೆ ಪರೀಕ್ಷಿಸಿದ 'ಸ್ಟಡಿ 329' ಅನ್ನೋ ಪ್ರಯೋಗ 2001ರಲ್ಲಿ ಪ್ರಕಟವಾಯ್ತು. 275 ಮಕ್ಕಳು. ಔಷಧಿ ಪರಿಣಾಮಕಾರಿ, ಸುರಕ್ಷಿತ ಅಂತ ಬರೆದರು. 2015ರಲ್ಲಿ ಬೇರೆ ಸಂಶೋಧಕರ ತಂಡ ಮೂಲ ದಾಖಲೆಗಳನ್ನು ತಗೊಂಡು ಮತ್ತೆ ಲೆಕ್ಕ ಹಾಕಿತು, 'ಬಿಎಂಜೆ'ಯಲ್ಲಿ ಪ್ರಕಟಿಸಿತು. ಔಷಧಿಯಿಂದ ಪ್ಲಾಸಿಬೋಗಿಂತ ಹೆಚ್ಚಿನ ಲಾಭ ಇರಲಿಲ್ಲ, ಹಾನಿ ಹೆಚ್ಚಿತ್ತು. ಆತ್ಮಹತ್ಯೆಯ ಯೋಚನೆಗೆ ಸಂಬಂಧಿಸಿದ ಘಟನೆಗಳನ್ನು ಮೊದಲ ವರದಿಯಲ್ಲಿ 'ಇಮೋಷನಲ್ ಲೇಬಿಲಿಟಿ', ಅಂದ್ರೆ ಭಾವನೆಗಳ ಏರಿಳಿತ ಅನ್ನೋ ಹೆಸರಿನ ಡಬ್ಬಿಯೊಳಗೆ ಹಾಕಿಟ್ಟಿದ್ದರು. ಮಷೀನ್ ಲರ್ನಿಂಗ್ ಮಾಡೋರಿಗೆ ನಾನು ವಿವರಿಸಬೇಕಾಗಿಲ್ಲ: ಲೇಬಲ್ ತಪ್ಪಾಗಿದ್ದರೆ ಮಾಡೆಲ್ ಎಷ್ಟು ಚೆನ್ನಾಗಿದ್ದರೂ ಏನು ಪ್ರಯೋಜನ? ಆ ಔಷಧಿಯನ್ನು ಹದಿನೆಂಟರ ಒಳಗಿನವರಿಗೆ ಪ್ರಚಾರ ಮಾಡಿದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ ತಯಾರಕ ಕಂಪನಿ ಗ್ಲಾಕ್ಸೋಸ್ಮಿತ್‌ಕ್ಲೈನ್ 2012ರಲ್ಲಿ ಅಮೆರಿಕದಲ್ಲಿ 300 ಕೋಟಿ ಡಾಲರ್ ಕಟ್ಟಿತು.

ಈಗ ನಮ್ಮ ವಯಸ್ಸಿಗೇ ಸಂಬಂಧಪಟ್ಟ ವಿಷಯ. ಇದನ್ನು ಓದೋರಲ್ಲಿ ಬಹುಪಾಲು ಜನ 18ರಿಂದ 24ರ ಒಳಗಿನವರು. ಎಫ್‌ಡಿಎ 2004ರಲ್ಲಿ ಖಿನ್ನತೆ ಔಷಧಿಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು: ಮಕ್ಕಳು, ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಪಟ್ಟಿ ನೋಡಿದವರ ಕಣ್ಣಿಗೆ ಮೊದಲು ಬೀಳೋದು ಇದೇ, ಮಾತ್ರೆ ಬಿಟ್ಟು ಓಡಿಸೋದೂ ಇದೇ. ಇದಕ್ಕೂ ಅಂಕಿ ಇದೆ. ಪ್ಲಾಸಿಬೋಗೆ ಹೋಲಿಸಿದರೆ ಔಷಧಿ ತಗೊಂಡ ಸಾವಿರ ಜನರಲ್ಲಿ ಅಂಥ ಯೋಚನೆ ಅಥವಾ ನಡವಳಿಕೆ ಕಂಡವರು 18ರ ಒಳಗಿನವರಲ್ಲಿ 14 ಹೆಚ್ಚು, 18ರಿಂದ 24ರವರಲ್ಲಿ 5 ಹೆಚ್ಚು. 25ರಿಂದ 64ರವರಲ್ಲಿ 1 ಕಡಿಮೆ, 65 ದಾಟಿದವರಲ್ಲಿ 6 ಕಡಿಮೆ. ಮಕ್ಕಳ ಮೇಲಿನ ಆ ಪ್ರಯೋಗಗಳಲ್ಲಿ ಯಾರೂ ಪ್ರಾಣ ಕಳೆದುಕೊಂಡಿರಲಿಲ್ಲ.

ಸಾವಿರಕ್ಕೆ ಐದು ಅಂದ್ರೆ ಮಾತ್ರೆ ಎಸೀಬೇಕಾದ ಅಂಕಿ ಅಲ್ಲ, ಕಡೆಗಣಿಸಬೇಕಾದ ಅಂಕಿಯೂ ಅಲ್ಲ. ಖಿನ್ನತೆಗೆ ಚಿಕಿತ್ಸೆ ಇಲ್ಲದೇ ಇರೋದ್ರಲ್ಲೂ ಅಪಾಯ ಇದೆ, ಅದು ಈ ಟೇಬಲ್‌ನಲ್ಲಿ ಕಾಣಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಖಿನ್ನತೆ ಇರೋ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಹಾಗಾಗಿ ಆ ಐದನ್ನು ಓದಬೇಕಾದ ರೀತಿ ಹೀಗೆ ಅಂತ ನನಗನ್ಸುತ್ತೆ: ಶುರು ಮಾಡಿದ ಮೊದಲ ಕೆಲವು ವಾರ, ಡೋಸ್ ಏರಿಸಿದಾಗ ಅಥವಾ ಇಳಿಸಿದಾಗ, ಪಕ್ಕದಲ್ಲಿರೋ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು. ಕೂತಲ್ಲಿ ಕೂರೋಕೆ ಆಗದಷ್ಟು ಚಡಪಡಿಕೆ, ನಿದ್ದೆಯೇ ಇಲ್ಲದ ರಾತ್ರಿಗಳು, ಇದ್ದಕ್ಕಿದ್ದ ಹಾಗೆ ಬದಲಾದ ಸ್ವಭಾವ, ಸಾಯೋ ಮಾತು: ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯೋದಲ್ಲ, ಅವತ್ತೇ ಡಾಕ್ಟರಿಗೆ ಹೇಳೋದು. ಡಾಕ್ಟರ್ ಸಿಗದಿದ್ದರೆ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡ್ತಾರೆ. ರೂಮ್‌ಮೇಟ್ ಆದವನ ಕೆಲಸ ಇದು. ಪಟ್ಟಿ ಓದೋದಲ್ಲ.

ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಜನ, ಡಾಕ್ಟರುಗಳು ಕಳಿಸಿದ ವರದಿಗಳ ದೊಡ್ಡ ದೊಡ್ಡ ಡೇಟಾಬೇಸ್‌ಗಳಿವೆ. ಯಾವುದೋ ಮಾತ್ರೆಗೆ ಇಷ್ಟು ಸಾವಿರ ವರದಿ ಬಂದಿದೆ ಅಂತ ಸ್ಕ್ರೀನ್‌ಶಾಟ್ ಗ್ರೂಪಿಗೆ ಬಿದ್ದರೆ ಎದೆ ಧಸಕ್ ಅನ್ನುತ್ತೆ. ಅದು ನಮ್ಮ ಮೆಸ್ಸಿನ ಕಂಪ್ಲೇಂಟ್ ಪುಸ್ತಕ ಇದ್ದ ಹಾಗೆ. ಸಾಂಬಾರಿನ ಬಗ್ಗೆ ಹನ್ನೆರಡು ಕಂಪ್ಲೇಂಟ್ ಇದೆ ಅಂತ ಅದು ಹೇಳುತ್ತೆ. ಊಟ ಮಾಡಿದವರು ಇಪ್ಪತ್ತೋ ನಾನೂರೋ ಅಂತ ಹೇಳಲ್ಲ. ಊಟ ಮಾಡದೆಯೂ ಹೊಟ್ಟೆ ಕೆಟ್ಟವರು ಎಷ್ಟು ಜನ ಅಂತಲೂ ಹೇಳಲ್ಲ. ಛೇದವಿಲ್ಲದ ಅಂಶದಿಂದ ಪರ್ಸೆಂಟ್ ತೆಗೆಯೋಕೆ ಬರಲ್ಲ. ಹಾಗಂತ ಕಂಪ್ಲೇಂಟ್ ಪುಸ್ತಕ ಕಿತ್ತು ಬಿಸಾಕೋಕಾಗುತ್ತಾ? ಒಂದೇ ದಿನ ಹನ್ನೆರಡು ಜನ ಬೇರೆ ಬೇರೆ ಕೈಬರಹದಲ್ಲಿ ಒಂದೇ ಮಾತು ಬರೆದಿದ್ದರೆ ವಾರ್ಡನ್ ಅಡುಗೆಮನೆಗೆ ಹೋಗಿ ನೋಡಲೇಬೇಕು. ಥಾಲಿಡೊಮೈಡ್ ದುರಂತದಲ್ಲಿ 1961ರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದವುಗಳಲ್ಲಿ ಲ್ಯಾನ್ಸೆಟ್‌ಗೆ ಒಬ್ಬ ಡಾಕ್ಟರ್ ಬರೆದ ಪುಟ್ಟ ಪತ್ರವೂ ಒಂದು. ಆ ದುರಂತದ ನಂತರವೇ ವಿಶ್ವ ಆರೋಗ್ಯ ಸಂಸ್ಥೆ ದೇಶ ದೇಶಗಳ ವರದಿಗಳನ್ನು ಒಟ್ಟುಗೂಡಿಸೋ ಕಾರ್ಯಕ್ರಮವನ್ನು 1968ರಲ್ಲಿ ಶುರು ಮಾಡಿದ್ದು.

ಒಬ್ಬರಿಗೆ ಆದ ತೊಂದರೆ ಮಾತ್ರೆಯಿಂದಲೇ ಬಂತಾ ಅಂತ ತೂಗೋಕೆ 1981ರಲ್ಲಿ ನರಾಂಜೋ ಮತ್ತು ಜೊತೆಗಾರರು ಹತ್ತು ಪ್ರಶ್ನೆಗಳ ಒಂದು ಅಳತೆಗೋಲು ಮಾಡಿದರು. ಉತ್ತರಕ್ಕೆ ತಕ್ಕ ಹಾಗೆ ಅಂಕ ಕೂಡಿಸಬೇಕು, ಕಳೀಬೇಕು. ಒಂಬತ್ತು ಅಥವಾ ಹೆಚ್ಚು ಬಂದರೆ ಖಚಿತ, ಐದರಿಂದ ಎಂಟು ಬಹುಮಟ್ಟಿಗೆ ಹೌದು, ಒಂದರಿಂದ ನಾಲ್ಕು ಸಾಧ್ಯತೆ ಇದೆ, ಸೊನ್ನೆ ಅಥವಾ ಕೆಳಗೆ ಅನುಮಾನ. ನಾವು ಕೂತು ಲೆಕ್ಕ ಹಾಕಿದ್ವಿ. ತಲೆನೋವು: ಹಿಂದೆ ವರದಿಗಳಿವೆಯಾ? ಇವೆ, ಕೂಡಿಸು ಒಂದು. ಮಾತ್ರೆ ಶುರುವಾದ ಮೇಲೆ ಬಂತಾ? ಇಲ್ಲ, ಕಳಿ ಒಂದು. ಬೇರೆ ಕಾರಣ ಇದೆಯಾ? ಕನ್ನಡಕ ಇದೆ, ಕಳಿ ಇನ್ನೊಂದು. ಮೊತ್ತ ಮೈನಸ್ ಒಂದು. ಮೊದಲ ವಾರ ಅವನಿಗೆ ಬಂದಿದ್ದ ವಾಕರಿಕೆಗೆ ಮೂರು ಬಂತು, ಅಂದ್ರೆ ಸಾಧ್ಯತೆ ಇದೆ. (ಮೆಸ್ಸನ್ನು ಬೇರೆ ಕಾರಣ ಅಂತ ಹಿಡೀಬೇಕೋ ಬೇಡವೋ ಅಂತ ಹತ್ತು ನಿಮಿಷ ವಾದ ಆಯ್ತು, 'ಗೊತ್ತಿಲ್ಲ' ಅಂತ ಸೊನ್ನೆ ಹಾಕಿದ್ವಿ.) ಮಾತ್ರೆ ನಿಲ್ಲಿಸಿದಾಗ ಕಮ್ಮಿಯಾಯ್ತಾ, ಮತ್ತೆ ಕೊಟ್ಟಾಗ ಮರಳಿ ಬಂತಾ ಅನ್ನೋ ಪ್ರಶ್ನೆಗಳೂ ಅದರಲ್ಲಿವೆ. ಅದಕ್ಕೆ ಉತ್ತರ ಹುಡುಕೋಕೆ ನಿಮ್ಮ ಮೇಲೆ ನೀವೇ ಎಕ್ಸ್‌ಪೆರಿಮೆಂಟ್ ಮಾಡ್ಕೋಬೇಡಿ. ಆ ಅಳತೆಗೋಲು ಇರೋದು ಡಾಕ್ಟರ ಕೈಗೆ. ನಮ್ಮ ಕೈಯಲ್ಲಿರೋದು ತಾರೀಖು ಬರೆದಿಡೋದು: ಮಾತ್ರೆಗೆ ಮುಂಚೆ ಏನಿತ್ತು, ಯಾವತ್ತು ಶುರು, ಯಾವತ್ತು ಡೋಸ್ ಬದಲು, ಜೊತೆಗೆ ಇನ್ನೇನು ತಗೊಂಡೆ. ಆ ಒಂದು ಪುಟ ಇದ್ದಿದ್ದರೆ ನಮ್ಮ ಆ ವಾರ ಬೇರೆ ಥರ ಇರ್ತಿತ್ತು.

ನಮ್ಮಲ್ಲೂ ಕಂಪ್ಲೇಂಟ್ ಪುಸ್ತಕ ಇದೆ ಅಂತ ನನಗೆ ಗೊತ್ತಾಗಿದ್ದು ಇದಾದ ಮೇಲೆ. ಭಾರತದ ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಶುರುವಾಗಿದೆ, ಈಗ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡ್ಕೊಳ್ಳುತ್ತೆ. ಹೆಲ್ಪ್‌ಲೈನ್ 1800-180-3024. ರೋಗಿಗಳೇ ತುಂಬಿ ಕಳಿಸೋ ಫಾರ್ಮ್ ಬೇರೆ ಇದೆ, ಅದು ಕನ್ನಡದಲ್ಲೂ ಇದೆ. ಡಾಕ್ಟರ ಸಹಿ ಬೇಕಿಲ್ಲ, ಔಷಧಿಯೇ ಕಾರಣ ಅಂತ ಸಾಬೀತು ಮಾಡಬೇಕಿಲ್ಲ, ಅನುಮಾನ ಇದ್ದರೆ ಸಾಕು. ಎಣಿಸೋದು, ಹೋಲಿಸೋದು ಅವರ ಕೆಲಸ.

ಹೋದ ಶನಿವಾರ ನಾವಿಬ್ಬರೂ ಅದನ್ನು ತುಂಬಿದ್ವಿ. ಏನಾಯ್ತು ಅಂತ ವಿವರಿಸೋ ಜಾಗದಲ್ಲಿ ನಾನು ಶಿಷ್ಟ ಕನ್ನಡದಲ್ಲಿ ಏನೋ ಹೇಳಿಕೊಡೋಕೆ ಹೋದೆ. ಅವನು ಕೇಳಲಿಲ್ಲ, "ತಲಿಯಾಗ ಕರೆಂಟ್ ಹೊಡದಂಗ ಆತು" ಅಂತಲೇ ಬರೆದ. ಮಾತ್ರೆ ನಿಲ್ಲಿಸಿದ ತಾರೀಖು ಹಾಕಿ ನನ್ನ ಕಡೆ ತಿರುಗಿ, "ಯಾರ ಮಾತ ಕೇಳಿ ನಿಲ್ಸಿದೆ ಅಂತನೂ ಬರೀಲೇನು?" ಅಂದ.

ಬರಿ ಅಂದೆ.